ಒಂಬತ್ತು ಬಾಗಿಲ ಆಚೆಯ ತಂಬಿಗೆ

"ಅದನ್ನ ಮುಟ್ಟಬ್ಯಾಡ್ರಿ ಅಕ್ಕಾ, ಅಲ್ಲೇ ಇರ್ಲಿ."

ಗುರುಬಾಯಿಯ ಮಾತು ಖೋಲಿಗಳ ಮುಂದಿನ ಉದ್ದ ಗ್ಯಾಲರಿಯ ಈ ತುದಿಯಿಂದ ಆ ತುದಿಗೆ ತಲುಪುವಷ್ಟರಲ್ಲಿ ರಾಚವ್ವ ತಂಬಿಗೆಯ ಕೊರಳಿಗೆ ಕೈ ಹಾಕಿ ಆಗಿತ್ತು. ತಮ್ಮನ ಮೈ ತೊಳೆಯಲು ಹಿತ್ತಾಳೆಯದೇ ಬೇಕು, ಪ್ಲಾಸ್ಟಿಕ್ ಮಗ್ಗಿನಿಂದ ನೀರು ಹಾಕಿ ಶಿವನ ಹಾದಿಗೆ ಕಳಿಸಲಾಗದು ಎಂದು ಎಪ್ಪತ್ತೆರಡರ ಆ ಮುದುಕಿ ಬೆಳಗಿನಿಂದ ಹಟ ಹಿಡಿದಿದ್ದಳು. ಕಡೆಗೆ ಅವಳ ಕಣ್ಣಿಗೆ ಬಿದ್ದದ್ದು ಚಾಳಿನ ಮೆಟ್ಟಿಲ ಬಾಯಲ್ಲಿ, ಗೋಡೆಯ ಬುಡಕ್ಕೆ, ಉರುಳದಂತೆ ಎರಡೂ ಬದಿಗೆ ಇಟ್ಟಿಗೆ ಚೂರು ಕೊಟ್ಟು ಅಡ್ಡ ಮಲಗಿಸಿದ್ದ ಈ ತಂಬಿಗೆ.

"ಏನ್ ಮಾತಾಡ್ತಿ ಗುರುಬಾಯಿ? ನೀರು ಕಾದು ಕುದಿಲತ್ತದ. ಒಂದು ತಂಬಿಗಿ ಸಲುವಾಗಿ ಇಷ್ಟು ಜೀವಾ ಬಿಡ್ತಾರೇನು?"

"ಅದು ಅವರದು ಅಕ್ಕಾ."

"ಅವನದಂತ್ಲೇ ಅವನ ಮೈಮ್ಯಾಲ ಸುರಿಲಾಕ ಒಯ್ಲತ್ತೀನಿ."

ಗುರುಬಾಯಿಯ ಮುಖದಲ್ಲಿ ಇದ್ದದ್ದನ್ನು ಕಂಡು ರಾಚವ್ವ ತಂಬಿಗೆಯನ್ನು ಇದ್ದಲ್ಲೇ ಇಟ್ಟು, ಇಟ್ಟಿಗೆ ಚೂರುಗಳನ್ನೂ ಮೊದಲಿನಂತೆ ಒತ್ತಿ, ಗೊಣಗುತ್ತ ಬಂದಳು. ಪಕ್ಕದ ಖೋಲಿಯವರು ತಾಮ್ರದ ಚೊಂಬು ಕೊಟ್ಟರು. ಸ್ನಾನ ಆಯಿತು.

ಚೆಂಬೂರಿನ ಗಾಲ್ಫ್ ಕ್ಲಬ್ಬಿನಲ್ಲಿ ನಲವತ್ತೊಂದು ವರ್ಷ ಸಾಹೇಬರ ಚೀಲ ಹೊತ್ತ ಕ್ಯಾಡಿ ಈರಣ್ಣ ಅಂದು ಬೆಳಗಿನ ಜಾವ ತೀರಿಕೊಂಡಿದ್ದ. ದಿನವೂ ಏಳುವ ಹೊತ್ತಿಗೇ ಎದ್ದಿದ್ದ. ದಿನದಂತೆ ಚೆಂಡು ಉರುಳಿಸುವ ಪಟರ್ ಕೋಲು ಹಿಡಿದು ಗ್ಯಾಲರಿಗೆ ಹೋಗಿದ್ದ. ಒಳಗೆ ಅರೆನಿದ್ದೆಯಲ್ಲಿದ್ದ ಗುರುಬಾಯಿಗೆ ಫರಸಿಕಲ್ಲಿನ ಮೇಲೆ ಚೆಂಡು ಉರುಳುವ ಸದ್ದು ಕೇಳಿಸಿತು, ದೂರದೂರ ಹೋಯಿತು, ನಿಂತಿತು. ಎರಡನೆಯ ಸಲ ಉರುಳಲಿಲ್ಲ. ಎದ್ದು ಬಂದು ನೋಡಿದರೆ ಬಾಗಿಲ ಪಕ್ಕದ ಗೋಡೆಗೆ ಒರಗಿ, ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಪೂಜೆಗೆ ಕೂತವನಂತೆ ಕೂತಿದ್ದ. ಚೆಂಡು ಅರ್ಧ ದಾರಿಯಲ್ಲಿ ನಳದ ಮೋರಿಗೆ ಬಿದ್ದಿತ್ತು. ಅದನ್ನು ಎತ್ತಿ ತೊಳೆದು ಉಡಿಯಲ್ಲಿ ಕಟ್ಟಿಕೊಂಡವಳು ಇನ್ನೂ ಬಿಚ್ಚಿರಲಿಲ್ಲ.

ಈಗ ಅವನನ್ನು ಒಳಗಿನ ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆ, ಎದೆ, ತೋಳುಗಳಿಗೆ ವಿಭೂತಿ. ಎಡ ಅಂಗೈಯ ಮೇಲೆ ಅವನ ಇಷ್ಟಲಿಂಗ. ಮುಚ್ಚಿದ ಕಣ್ಣು ಅಂಗೈಯ ಕಡೆಗೇ ಬಾಗಿತ್ತು. ಸೋಮವಾರ, ಕ್ಲಬ್ಬಿಗೆ ರಜೆ. ಕ್ಯಾಡಿಗಳೆಲ್ಲ ಬಂದು ಮೆಟ್ಟಿಲ ಮೇಲೆ, ಅಂಗಳದಲ್ಲಿ ನಿಂತಿದ್ದರು.

"ಅಯ್ಯನವರು ಎರಡಕ್ಕ ಬರ್ತಾರ, ಮೂರಕ್ಕ ಎತ್ತೂದು," ಎಂದಳು ರಾಚವ್ವ, ಗುರುಬಾಯಿಯ ಪಕ್ಕ ಕೂತು ಮಂಡಿ ನೀವಿಕೊಳ್ಳುತ್ತ. "ಎತ್ತೂ ಮುಂದ ನಾ ಕೇಳ್ತೀನಿ, ನೀ ಹೇಳಬೇಕು. ನೆಪ್ಪದಲ್ಲ?"

"ಅದ ಅಕ್ಕಾ."

ಗುರುಬಾಯಿಯ ಎದೆಯಲ್ಲಿ ಬೆಳಗಿನಿಂದ ಕಲ್ಲಾಗಿ ಕೂತದ್ದು ಅದೇ. ಕಾಗಿಣಾ ನದಿಯ ದಂಡೆಯ ಆ ಮನೆತನದಲ್ಲಿ ಅಜ್ಜ ಮುತ್ತಜ್ಜರ ಕಾಲದಿಂದ ಒಂದು ನಡೆ ಇತ್ತು. ಸತ್ತವನನ್ನು ಹೊಸ್ತಿಲು ದಾಟಿಸುವ ಮುನ್ನ ಮನೆಯ ಹಿರಿಯರು ಮೂರು ಸಲ ಕೇಳುತ್ತಾರೆ: ಹಿಡಿದದ್ದು ಏನಾದರೂ ಉಳಿದಿದೆಯೇ? ಹಿಡಿದದ್ದು ಎಂದರೆ ಮನಸ್ಸಿನಲ್ಲಿ ಶಿವನ ಮುಂದೆ ಮಾಡಿಕೊಂಡ ಸಂಕಲ್ಪ. ಮುಗಿದಿದ್ದರೆ ಮುಗಿದಿದೆ ಎನ್ನಬೇಕು. ಉಳಿದಿದ್ದರೆ ಏನೆಂದು ಹೇಳಿ, ಮನೆಯಲ್ಲೊಬ್ಬರು ಅದನ್ನು ತಮ್ಮ ಕೈಗೆ ತೆಗೆದುಕೊಳ್ಳಬೇಕು. ಹೋಗುವವನ ಕೈಯಲ್ಲಿ ಲಿಂಗವೊಂದೇ ಇರಬೇಕು, ಮತ್ತೊಂದು ಇರಬಾರದು.

ಈರಣ್ಣ ಪ್ರತಿ ಯುಗಾದಿಗೂ ಒಂದು ಹಿಡಿಯುತ್ತಿದ್ದ. ಈ ವರ್ಷದ್ದು ಮುಗಿಯಲು ಇನ್ನೂ ಹದಿನೇಳು ದಿನ ಇತ್ತು. ಅದೇನೆಂದು ಗುರುಬಾಯಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದವಳು ಅವಳೊಬ್ಬಳೇ.

*

ಮದುವೆಯಾದ ಮೊದಲ ಯುಗಾದಿ. ಗುರುಬಾಯಿಗೆ ಹದಿನೆಂಟು. ಈರಣ್ಣ ಜಳಕ ಮಾಡಿ ಬಂದು, ಅಂಗೈಯಲ್ಲಿ ಲಿಂಗ ಹಿಡಿದು, ರೆಪ್ಪೆ ಬಡಿಯದೆ ನೋಡುತ್ತ ಕೂತ. ಹೊರಗೆ ನಳದ ಮುಂದೆ ಹೆಂಗಸರು ಬಿಂದಿಗೆ ಬಡಿದಾಡುತ್ತಿದ್ದರೂ ಅವನ ಕಣ್ಣು ಅಲುಗಲಿಲ್ಲ. ಪೂಜೆ ಮುಗಿಸಿ, ಬೇವು ಕುಡಿದು, ಬಟ್ಟಲು ಕೆಳಗಿಟ್ಟು ಹೇಳಿದ:

"ಕೇಳಿಸ್ಕೋ. ಈ ವರ್ಷ ತಲಿ ಎತ್ತಂಗಿಲ್ಲ."

ಅವಳಿಗೆ ಜೀವವೇ ಹಾರಿತು. "ಯಾರ ಮುಂದ? ಅಂಥಾದ್ದೇನು ಮಾಡ್ಕೊಂಡ್ ಕುಂತೀರಿ?"

ಈರಣ್ಣ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಏ ಹುಚ್ಚಿ, ಚೆಂಡಿನ ಮುಂದ. ಹೊಡದ ಕೂಡ್ಲೇ ಅದು ಎಲ್ಲಿ ಹೋಯ್ತಂತ ನೋಡ್ಬೇಕಂತ ತಲಿ ಮೊದಲೇ ಏಳ್ತದ. ತಲಿ ಎದ್ದರ ಕೈ ಕೆಡ್ತದ. ಒಂದು ವರ್ಷ ಅದೊಂದೇ ಕೆಲಸ."

"ನಾ ಏನು ಮಾಡ್ಲಿ ಅದಕ್ಕ?"

"ಹೂಂ ಅನ್ನು. ನೀ ಹೂಂ ಅಂದರ ನಾ ಹಿಡದಂಗ."

ಅವಳು ಹೂಂ ಅಂದಳು.

ಕ್ಲಬ್ಬಿಗೆ ರಜೆಯ ಸೋಮವಾರ ಕ್ಯಾಡಿಗಳು ತಾವು ಆಡಬಹುದಿತ್ತು. ಉಳಿದವರು ಒಂದಿಷ್ಟು ನಗುತ್ತ, ಪಂದ್ಯ ಕಟ್ಟುತ್ತ ಆಡಿ ಮನೆಗೆ ಹೋಗುತ್ತಿದ್ದರು. ಈರಣ್ಣ, ಯಾರೋ ಸಾಹೇಬರು ಮುರಿದು ಎಸೆದ ಕೋಲುಗಳಿಗೆ ತಂತಿ ಸುತ್ತಿ ಕಟ್ಟಿಕೊಂಡು, ಆ ವರ್ಷ ಹಿಡಿದದ್ದನ್ನಷ್ಟೇ ಮಾಡುತ್ತಿದ್ದ. ನೀರಿನ ಹೊಂಡ ಕಂಡರೆ ಹೆದರಬಾರದು ಎಂದು ಒಂದು ವರ್ಷ. ಮೊಳದೂರದ ಚೆಂಡು ಒಂದೂ ತಪ್ಪಬಾರದು ಎಂದು ಇನ್ನೊಂದು ವರ್ಷ. ಸಿಟ್ಟಿನಲ್ಲಿ ಹೊಡೆಯುವುದಿಲ್ಲ ಎಂಬುದಕ್ಕೆ ಮೂರು ಯುಗಾದಿ ಬೇಕಾದವು. ಎರಡು ಸಲ ಬೇವಿನ ಬಟ್ಟಲು ಹಿಡಿದು, "ಹ್ವಾದ ವರ್ಷದ್ದೇ ಗುರುಬಾಯಿ, ಕಳಚಿ ಹೋಯ್ತು" ಎಂದು ತಲೆ ತಗ್ಗಿಸಿದ್ದ. ಮಗ ಶ್ರೀಮಂತ ಹತ್ತನೆಯಲ್ಲಿ ನಪಾಸಾದ ದಿನ ಈರಣ್ಣ ಅವನ ಮೇಲೆ ಕೈ ಎತ್ತದೆ ಸುಮ್ಮನೆ ಪಕ್ಕದಲ್ಲಿ ಕೂತದ್ದು ಆ ಮೂರನೆಯ ವರ್ಷದಲ್ಲೇ. ಆಟಕ್ಕೆ ಹಿಡಿದದ್ದು ಮನೆಯೊಳಗೂ ಬಂದು ಕೂರುವುದನ್ನು ಗುರುಬಾಯಿ ಅಂದೇ ಮೊದಲು ಕಂಡದ್ದು. ಕಂಡು, ಒಲೆಯ ಮುಂದೆ ಕೂತಲ್ಲಿಂದಲೇ ಸೆರಗು ಹೊದ್ದುಕೊಂಡಳು, ಗುಡಿಯ ಹೊಸ್ತಿಲಿಗೆ ಬಂದವಳ ಹಾಗೆ.

ಮನೆಯಲ್ಲಿ ಅಭ್ಯಾಸಕ್ಕೆ ಗ್ಯಾಲರಿ ಇತ್ತು. ಅವರದು ಒಂಬತ್ತನೆಯ ಖೋಲಿ, ಕಡೆಯದು. ಮೆಟ್ಟಿಲು ಮೊದಲ ಖೋಲಿಯ ಹತ್ತಿರ. ನಡುವಿನ ಅಷ್ಟುದ್ದಕ್ಕೂ ಶಹಾಬಾದಿನ ಫರಸಿ. ಆ ಕಲ್ಲು ಕಡಿಯುವ ಗಣಿಯಲ್ಲೇ ಈರಣ್ಣನ ಅಪ್ಪ ದುಡಿದು ಸತ್ತದ್ದು. "ನನಗಿಂತ ಮೊದಲು ನಮ್ಮೂರ ಕಲ್ಲು ಇಲ್ಲಿಗಿ ಬಂದು ಹಾಸ್ಕೊಂಡು ಬಿದ್ದದ ನೋಡು, ನಾ ಬರ್ತೀನಂತ" ಎನ್ನುತ್ತಿದ್ದ. ಬೆಳಗಿನ ಜಾವ, ನಳಕ್ಕೆ ನೀರು ಬರುವ ಮೊದಲು, ದೀಪ ಹಾಕಿ, ಮೆಟ್ಟಿಲ ಬಾಯಲ್ಲಿ ತಂಬಿಗೆ ಮಲಗಿಸಿ, ತಮ್ಮ ಬಾಗಿಲಿನಿಂದ ಚೆಂಡು ಉರುಳಿಸುತ್ತಿದ್ದ. ಆ ದಾರಿ ನೇರವಾದದ್ದಲ್ಲ. ಆರನೆಯ ಬಾಗಿಲ ತನಕ ಸರಿಯಾಗಿ ಹೋಗಿ, ಐದನೆಯ ಬಾಗಿಲ ಮುಂದೆ ಕಲ್ಲು ಕುಸಿದಲ್ಲಿ ಚೆಂಡು ನಳದ ಕಡೆಗೆ ವಾಲುತ್ತದೆ; ಮೂರನೆಯ ಬಾಗಿಲು ದಾಟಿದ ಮೇಲೆ ಮತ್ತೆ ಗೋಡೆಯ ಕಡೆಗೆ ತಿರುಗುತ್ತದೆ. ಎರಡೂ ತಿರುವು ಸರಿಹೋದರೆ, ಟಣ್.

ಆ ಟಣ್ ಸದ್ದಿಗೆ ಗುರುಬಾಯಿ ಎದ್ದು ಚಹಾಕ್ಕೆ ಇಡುತ್ತಿದ್ದಳು.

*

ಹನ್ನೊಂದರ ಹೊತ್ತಿಗೆ ರಮಾನಾಥರು ಬಂದರು. ಕುಂದಾಪುರದ ಕಡೆಯವರು, ರಿಫೈನರಿಯಲ್ಲಿ ದೊಡ್ಡ ಅಧಿಕಾರಿಯಾಗಿದ್ದು ನಿವೃತ್ತರಾದವರು. ಇಪ್ಪತ್ತಾರು ವರ್ಷ ಅವರ ಚೀಲ ಈರಣ್ಣನ ಹೆಗಲ ಮೇಲಿತ್ತು. ಒಳಗೆ ಹೋಗಿ ಕೈಮುಗಿದು, ಹೊರಬಂದು, ಬಾಗಿಲ ಮುಂದಿನ ಬೆಂಚಿನ ಮೇಲೆ ಕರೀಮಸಾಬನ ಪಕ್ಕ ಕುಸಿದರು. ಕರೀಮಸಾಬನೂ ಕ್ಯಾಡಿ, ಶಹಾಬಾದಿನ ಪಕ್ಕದ ವಾಡಿಯವನು, ಈರಣ್ಣನ ಜತೆ ಒಂದೇ ರೈಲಿನಲ್ಲಿ ಮುಂಬಯಿಗೆ ಬಂದವನು. ಗುರುಬಾಯಿ ಹೊಸ್ತಿಲ ಒಳಗೆ, ಅವರ ಮಾತು ಕೇಳುವಷ್ಟು ಹತ್ತಿರ ಕೂತಿದ್ದಳು.

"ಪ್ರತಿ ಜನವರಿ ಒಂದಕ್ಕೆ ನಾನು ಒಂದು ಪಟ್ಟಿ ಮಾಡ್ತಿದ್ದೆ ಕರೀಮ," ಎಂದರು ರಮಾನಾಥರು. "ಈ ವರ್ಷ ಹ್ಯಾಂಡಿಕ್ಯಾಪ್ ಇಷ್ಟು ಇಳಿಸಬೇಕು, ಡ್ರೈವ್ ಇಷ್ಟು ದೂರ ಹೋಗಬೇಕು, ಬಂಕರಿನ ಮರಳಿನಿಂದ ಒಂದೇ ಹೊಡೆತಕ್ಕೆ ಹೊರಗೆ ಬರಬೇಕು. ಹನ್ನೆರಡು ಗುರಿ. ಕಂಪ್ಯೂಟರಿನಲ್ಲಿ ಚಂದ ಪ್ರಿಂಟ್ ತೆಗೆದು ಇವನ ಕೈಗೆ ಕೊಟ್ಟರೆ ಏನಂದ ಗೊತ್ತುಂಟಾ? 'ಸಾಹೇಬ್ರ, ಚೀಲದಾಗ ಹದಿನಾಲ್ಕು ಕೋಲವ, ಅವನ್ನ ಹೊರ್ತೀನಿ. ಈ ಹನ್ನೆರಡು ಹೊರೂದು ನನ್ನ ಕೈಲಿ ಆಗಂಗಿಲ್ಲ. ಒಂದು ಹೇಳ್ರಿ.'"

"ಹೇಳಿದ್ರೇನ್ರಿ?"

"ಎಲ್ಲಿ ಹೇಳೋದು ಮಾರಾಯ. ಇಪ್ಪತ್ತಾರು ವರ್ಷ ಹನ್ನೆರಡೇ ಬರೆದೆ, ಒಂದೂ ಆಗಲಿಲ್ಲ. ಆದದ್ದು ಈ ವರ್ಷ." ರಮಾನಾಥರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ಮಳೆಗಾಲ ಕಳೆದ ಮೇಲೆ ಇವನಿಗೆ ಎಂತ ಆಯ್ತೋ, ಹೋಲಿನ ಹತ್ತಿರ ಗ್ರೀನಿಗೆ ಬಂದ ಕೂಡಲೇ ಬೂಟು ಬಿಚ್ಚೋದು. ಬರಿಗಾಲಲ್ಲಿ ಹೋಲಿನಿಂದ ನನ್ನ ಚೆಂಡಿನ ತನಕ ನಡೆದು ಬರೋದು. ಕಣ್ಣು ಮುಚ್ಚಿ ನಿಂತು, 'ಬಲಕ್ಕ ಎರಡು ಬಟ್ಟು ಸಾಹೇಬ್ರ' ಅನ್ನೋದು. ಬಲಕ್ಕೆ ಎರಡು ಬೆರಳು ಬಿಟ್ಟು ನಾನು ಹೊಡೆದರೆ ಒಳಗೆ. ಪ್ರತಿ ಸಲ. ನನ್ನ ಹ್ಯಾಂಡಿಕ್ಯಾಪ್ ಮೂರು ಇಳಿಯಿತು. ಈ ವಯಸ್ಸಿಗೆ ಇವನಿಗೆ ಶೋಕಿ ಬಂತು ಅಂತ ನಾನು ತಮಾಷೆ ಮಾಡ್ತಿದ್ದೆ."

ಕರೀಮಸಾಬ ಬಹಳ ಹೊತ್ತು ತನ್ನ ಟೊಪ್ಪಿಗೆಯನ್ನು ಕೈಯಲ್ಲಿ ತಿರುಗಿಸಿದ. ಆಮೇಲೆ ಒಳಗೆ ಕೂತವನ ಕಡೆ ಒಂದು ಸಲ ನೋಡಿದ, ಅಪ್ಪಣೆ ಕೇಳುವವನಂತೆ.

"ಸಾಹೇಬ್ರ, ನನ್ನ ಕೆಮ್ಮು ನೆಪ್ಪದೇನ್ರಿ?"

"ನೆನಪಿಲ್ಲದೆ? ಡ್ರೈವ್ ಹೊಡೆದಾಗೆಲ್ಲ ಖೊಕ್ ಖೊಕ್ ಅಂತಿದ್ದೆ. ನಾನೇ ಎರಡು ಬಾಟಲಿ ಔಷಧ ತಂದುಕೊಟ್ಟೆನಲ್ಲ."

"ಕುಡದೆ ಸಾಹೇಬ್ರ. ಛಲೋ ಇತ್ತು. ಆದರ ನನಗ ಕೆಮ್ಮು ಇರ್ಲೇ ಇಲ್ಲ." ಅವನ ದನಿ ತಗ್ಗಿತು. "ಚೆಂಡು ಎಡಕ್ಕ ಬಿದ್ದರ ಒಂದು ಕೆಮ್ಮು, ಬಲಕ್ಕ ಬಿದ್ದರ ಎರಡು. ನಟ್ಟ ನಡುವ ಹೋದರ ಸುಮ್ನಿರೂದು. ಅವನಿಗಿ ಕಾಣ್ತಿರ್ಲಿಲ್ರಿ."

ಕರೀಮಸಾಬ ತನ್ನ ಕಣ್ಣಿನ ಕಡೆಗೆ ಬೆರಳು ಮಾಡಿದ.

"ಕಾಲಾ ಮೋತಿಯಾ. ಎರಡು ವರ್ಷದ ಹಿಂದ ಡಾಕ್ಟರಿಗಿ ತೋರಿಸ್ಲಾಕ ನಾನೇ ಕರ್ಕೊಂಡು ಹೋಗಿದ್ದೆ. ಬಾಜೂದೆಲ್ಲಾ ಆಗಲೇ ಹೋಗಿತ್ತು. ನಡುವ ಒಂದೀಟು ಉಳದದ, ಅದೂ ಹೋಗ್ತದ ಅಂತ ಹೇಳಿದ್ರು. ಹನಿ ಹಾಕ್ತಿದ್ದ. ಚೆಂಡು ಎಲ್ಲಿ ಬಿತ್ತಂತ ಕಾಣದವ್ನ ಕೈಗಿ ಚೀಲ ಯಾರು ಕೊಡ್ತಾರ್ರಿ? ಮನ್ಯಾಗ ಹೇಳಬ್ಯಾಡ ಅಂತ ನನ್ನ ಕಡಿ ಆಣಿ ಹಾಕಿಸ್ಕೊಂಡಿದ್ದ." ಹೊಸ್ತಿಲ ಕಡೆ ತಿರುಗಿದ. "ಭಾಬಿ, ಮಾಫ್ ಮಾಡ್ರಿ."

ರಮಾನಾಥರು ಕನ್ನಡಕ ಹಾಕಿಕೊಳ್ಳುವುದನ್ನೂ ಮರೆತು ಕೂತಿದ್ದರು. "ಹಾಗಾದರೆ ಈ ವರ್ಷ ನಾನು ಆಡಿದ್ದು," ಎಂದು ನಿಲ್ಲಿಸಿ, ಮತ್ತೆ ಹೇಳಿದರು, "ಕಣ್ಣು ಕಾಣದವನು ದಾರಿ ತೋರಿಸಿದನಾ ನನಗೆ?"

"ಕಾಲಿಗಿ ಕಾಣ್ತದ ಕರೀಮ ಅಂತಿದ್ದ ಸಾಹೇಬ್ರ. ಕಣ್ಣು ಇದ್ದಾಗ ಕಾಲಿನ ಮಾತು ಕೇಳ್ಲೇ ಇಲ್ಲ, ಈಗ ಕೇಳ್ಲತ್ತೀನಿ ಅಂತಿದ್ದ. ಹೆಚ್ಚಿಗಿ ಏನೂ ಹೇಳ್ತಿರ್ಲಿಲ್ಲ. ಕೇಳಿದರ, ಹೇಳೂದೆಲ್ಲ ಗುರುಬಾಯಿಗಿ ಹೇಳೀನಿ ಅಂತಿದ್ದ."

ಗುರುಬಾಯಿ ಉಡಿಯಲ್ಲಿದ್ದ ಚೆಂಡನ್ನು ಬಟ್ಟೆಯ ಮೇಲಿನಿಂದಲೇ ಗಟ್ಟಿಯಾಗಿ ಹಿಡಿದಳು.

*

ಹೋದ ಯುಗಾದಿ. ಕಡಲೆಬೇಳೆಯ ಹೂರಣ ರುಬ್ಬಿ, ಎರಡು ಹೋಳಿಗೆ ಬೇಯಿಸುವಷ್ಟರಲ್ಲಿ ಗ್ಯಾಸ್ ಮುಗಿಯಿತು. ಮೂರನೆಯದು ಹೆಂಚಿನ ಮೇಲೆ ಹಸಿಯಾಗಿಯೇ ಬಿದ್ದಿತ್ತು. ಗುರುಬಾಯಿ ಕಿಟಕಿಯಲ್ಲಿ ತಲೆ ಹಾಕಿ ಪಕ್ಕದ ಖೋಲಿಯವಳನ್ನು ಒಂದು ಸಿಲಿಂಡರ್ ಕೊಡುತ್ತೀಯಾ ಎಂದು ಕೂಗಿ ಕೇಳುತ್ತಿದ್ದಳು. ಕೈಗೆ ಹೂರಣ, ಹಣೆಗೆ ಬೆವರು, ಬಾಯಲ್ಲಿ ಗ್ಯಾಸಿನವನಿಗೆ ಶಾಪ.

ಹಿಂದೆ ಈರಣ್ಣ ಬೇವಿನ ಬಟ್ಟಲು ಕೆಳಗಿಟ್ಟ ಸದ್ದಾಯಿತು. ಅವನು ಏನೋ ಹೇಳಿದ. ಸಣ್ಣ ಮಾತಲ್ಲ, ಸ್ವಲ್ಪ ಉದ್ದದ್ದೇ.

"ಹೂಂ, ಹೂಂ," ಎಂದಳು, ತಿರುಗದೆ.

"ಕೇಳಿಸ್ತೇನು?"

"ಹೂಂ ಅಂದೆನಲ್ಲ."

ಅವನು ನಕ್ಕು ಎದ್ದು ಹೋದ. ಮಧ್ಯಾಹ್ನ ಉಣ್ಣುವಾಗ ಕೇಳಬೇಕು ಅಂದುಕೊಂಡಳು; ಮಗ ಬಂದಿದ್ದ, ಆಗಲಿಲ್ಲ. ಮರುದಿನ ಕೇಳಲು ನಾಚಿಕೆಯಾಯಿತು. ಒಂದು ವಾರ ಕಳೆದ ಮೇಲೆ ಕೇಳಿದರೆ, ಅಂದು ಹೂಂ ಅಂದದ್ದು ಸುಳ್ಳು ಎಂದು ತಾನೇ ಒಪ್ಪಿಕೊಂಡ ಹಾಗೆ. ಹಾಗೆಯೇ ವರ್ಷ ಸರಿಯಿತು.

ಆ ಯುಗಾದಿಯ ಮರುದಿನದಿಂದ ಗ್ಯಾಲರಿಯಲ್ಲಿ ದೀಪ ಹತ್ತುವುದು ನಿಂತಿತು. ಎಲ್ಲರ ನಿದ್ದೆ ಕೆಡಬಾರದೆಂದು ಇರಬೇಕು ಅಂದುಕೊಂಡಳು. ಚೆಂಡು ಉರುಳುವುದು ಕೇಳುತ್ತಿತ್ತು, ಟಣ್ ಎನ್ನುವುದು ಕೇಳುತ್ತಿರಲಿಲ್ಲ. ಒಂದು ದಿನವೂ ಇಲ್ಲ. ಚೆಂಡು ಎಲ್ಲೆಲ್ಲೋ ಬಡಿದು ನಿಲ್ಲುತ್ತಿತ್ತು, ಆಮೇಲೆ ಅವನು ನಿಧಾನಕ್ಕೆ ನಡೆದು ಹೋಗಿ ನೆಲ ತಡಕುವ ಸದ್ದು. ವಯಸ್ಸಾಯಿತು, ಕೈ ಸೋತಿದೆ, ಪಾಪ ಎಂದುಕೊಂಡು ಅವಳು ಅದನ್ನೂ ಕೇಳಲಿಲ್ಲ. ಟಣ್ ಸದ್ದಿಗೆ ಏಳುತ್ತಿದ್ದವಳು ಮೊಬೈಲಿನ ಅಲಾರಾಂ ಇಟ್ಟುಕೊಂಡಳು.

*

ಕೈ ಸೋತಿರಲಿಲ್ಲ. ಅದೀಗ ಅವಳಿಗೆ ತಿಳಿಯಿತು, ಒಳಗೆ ಅಂಗೈ ನೋಡುತ್ತ ಕೂತವನ ಎದುರಿಗೆ ಕೂತಾಗ. ಉಳಿದಿದ್ದ ಅಷ್ಟಿಷ್ಟು ಬೆಳಕನ್ನೂ ಅವನು ತಾನಾಗಿಯೇ ಮುಚ್ಚಿಟ್ಟು, ಒಂಬತ್ತು ಬಾಗಿಲ ಉದ್ದದ ಕತ್ತಲಲ್ಲಿ, ಬರಿಗಾಲಿನಿಂದ ತನ್ನೂರ ಕಲ್ಲಿನ ಏರುಪೇರು ಕೇಳಿಕೊಂಡು, ತಂಬಿಗೆ ಹುಡುಕುತ್ತಿದ್ದ. ಮುನ್ನೂರು ಚಿಲ್ಲರೆ ಬೆಳಗು. ಒಂದು ಬೆಳಗೂ ಅದು ಸಿಗಲಿಲ್ಲ. ಒಂದು ಬೆಳಗೂ ಅವನು ಏಳದೆ ಉಳಿಯಲಿಲ್ಲ. ಮುಖ ಗಂಟು ಹಾಕಿಕೊಂಡು ಒಳಗೆ ಬಂದದ್ದೂ ಅವಳಿಗೆ ನೆನಪಿಲ್ಲ. ಬಂದು, ಲೋಟ ಹಿಡಿದು, "ಇಂಥಾ ಚಹಾ ಎಲ್ಲೂ ಸಿಗಂಗಿಲ್ಲ" ಅನ್ನುತ್ತಿದ್ದ.

ನಲವತ್ತು ವರ್ಷ ಒಂದೇ ಗಂಗಾಳದಲ್ಲಿ ಉಂಡವನ ಮುಖವನ್ನು ಗುರುಬಾಯಿ ಈಗ ಮೊದಲ ಸಲ ನೋಡುವವಳಂತೆ ನೋಡಿದಳು. ಗುಡ್ಡದ ಬುಡದಲ್ಲಿ ಮನೆ ಕಟ್ಟಿಕೊಂಡವರಿಗೆ ಗುಡ್ಡ ಕಾಣುವುದಿಲ್ಲ. ಅಂಗಳದ ನೆರಳಷ್ಟೇ ಕಾಣುತ್ತದೆ. ಅವಳು ಎದ್ದು, ವಿಭೂತಿ ಹಚ್ಚಿದ ಅವನ ಪಾದಗಳಿಗೆ ಹಣೆ ಮುಟ್ಟಿಸಿದಳು. ಹಿಮ್ಮಡಿಯ ತೊಗಲು ಫರಸಿಕಲ್ಲಿನಂತೆಯೇ ತಣ್ಣಗೆ, ನಯವಾಗಿ ಸವೆದಿತ್ತು.

ಅಯ್ಯನವರು ಬಂದರು. ಮಂತ್ರವಾಯಿತು, ಭಜನೆಯಾಯಿತು. ಅಂಧೇರಿಯಲ್ಲಿ ಲಿಫ್ಟ್ ರಿಪೇರಿಯ ಕೆಲಸದಲ್ಲಿದ್ದ ಶ್ರೀಮಂತ ಕೆಳಗೆ ಶವ ಒಯ್ಯುವ ವಿಮಾನ ಕಟ್ಟಿಸಿ, ಗಾಡಿಯವನ ಜತೆ ಜಗಳಾಡಿ, ಬೆವರಿಳಿಸುತ್ತ ಮೇಲೆ ಬಂದ. ಇಕ್ಕಟ್ಟಿನ ಗ್ಯಾಲರಿಯಲ್ಲಿ ವಿಮಾನ ತಿರುಗದು. ಕೆಳಗಿನ ತನಕ ಕುರ್ಚಿಯಲ್ಲಿ ಒಯ್ಯಬೇಕು. ಈರಣ್ಣನನ್ನು ಕಟ್ಟಿಗೆಯ ಕುರ್ಚಿಯಲ್ಲಿ ಕೂರಿಸಿ ಎದೆಗೆ ಒಂದು ಬಿಳಿ ಪಂಚೆ ಸುತ್ತಿ ಕಟ್ಟಿದರು.

ರಾಚವ್ವ ಎದ್ದು ನಿಂತಳು. ಒಂದು ಕೈ ಗೋಡೆಯ ಮೇಲೆ, ಒಂದು ಕೈಯಲ್ಲಿ ವಿಭೂತಿ ಗಟ್ಟಿ.

"ಈರಣ್ಣ ಹೊಂಟಾನ. ಹಿಡದದ್ದು ಏನರೆ ಉಳದದೇನು?"

ಗುರುಬಾಯಿ ಕುರ್ಚಿಯಲ್ಲಿ ಕೂತವನ ಅಂಗೈಯನ್ನೇ ನೋಡಿದಳು.

"ಮುಗದದ ಅನ್ನು ಅವ್ವಾ," ಶ್ರೀಮಂತ ಅವಳ ಕಿವಿಯ ಹತ್ತಿರ ಬಾಗಿದ. "ಗಾಡಿವಾಲಾ ನೀಚೆ ಒದರ್ಲತ್ತಾನ. ಪಪ್ಪಾಂದು ಗೋಲ್ಫ್ ಇತ್ತು, ಅದೇನು ಹರಕಿ ಅಲ್ಲಲ್ಲ."

"ಹಿಡದದ್ದು ಏನರೆ ಉಳದದೇನು?"

ಮುಗಿದಿದೆ ಎಂಬ ಮಾತು ಗುರುಬಾಯಿಯ ನಾಲಿಗೆಯ ತುದಿಗೇ ಬಂದಿತ್ತು. ಹೇಳಿದರೆ ಯಾರೂ ಇಲ್ಲವೆನ್ನರು. ಆದರೆ ಬೆನ್ನು ತಿರುಗಿಸಿ ಅಂದ ಒಂದು ಸುಳ್ಳು ಹೂಂ ವರ್ಷಪೂರ್ತಿ ಅವಳ ಗಂಟಲಲ್ಲಿ ಇತ್ತು. ಎರಡನೆಯದಕ್ಕೆ ಅಲ್ಲಿ ಜಾಗವಿರಲಿಲ್ಲ.

ರಾಚವ್ವ ಮೂರನೆಯ ಸಲ ಕೇಳಿದಳು.

"ಉಳದದ," ಎಂದಳು ಗುರುಬಾಯಿ.

"ಏನು?"

"ಅವರು ಹೇಳಿದ ಮಾತು ನನಗ ಗೊತ್ತಿಲ್ಲ ಅಕ್ಕಾ. ಹೋಳಿಗಿ ಮಾಡ್ಲತ್ತಿದ್ದೆ, ಕೇಳ್ಲಾರದೇ ಹೂಂ ಅಂದೆ. ತಪ್ಪು ನಂದು." ಗ್ಯಾಲರಿಯಲ್ಲಿ ಕೂತವರು ನಿಂತವರೆಲ್ಲ ಕೇಳುವಂತೆ ಹೇಳಿದಳು. "ಆದರ ಮಾಡ್ಲತ್ತಿದ್ದ ಕೆಲಸ ಗೊತ್ತದ. ಕಣ್ಣು ಮುಚ್ಕೊಂಡು, ನಮ್ಮ ಬಾಗಿಲದಿಂದ ಆ ತಂಬಿಗಿ ತನಕ ಹೋಗಿ ಮುಟ್ಟೂದು. ಅದಾಗಿಲ್ಲ."

ಗೇಲಿ ಮಾಡುವುದರಲ್ಲಿ ಯಾರಿಗೂ ಕಡಿಮೆ ಇಲ್ಲದ ರಾಚವ್ವ ಬಹಳ ಹೊತ್ತು ತಮ್ಮನನ್ನೇ ನೋಡಿದಳು.

"ಯಾರು ಹಿಡೀತೀರಿ?"

ಶ್ರೀಮಂತ ನೆಲ ನೋಡಿದ. ಕರೀಮಸಾಬ ಬಾಯಿ ತೆರೆದವನು, ಇದು ಮನೆಯವರ ಮಾತೆಂದು ಸುಮ್ಮನಾದ.

"ನಾ ಹಿಡೀತೀನಿ."

"ನಿನಗ ಕೋಲು ಹಿಡೀಲಾಕ ಬರ್ತದೇನು?"

"ಬರಂಗಿಲ್ಲ. ವರ್ಷ ಹಿಡೀಲಿ, ಹತ್ತು ವರ್ಷ ಹಿಡೀಲಿ. ನಸುಕಿನ್ಯಾಗ ನನಗೇನು ಕೆಲಸದ?"

ರಾಚವ್ವ ಅವಳ ಹಣೆಗೆ ವಿಭೂತಿ ಎಳೆದಳು. "ಎತ್ರಿ," ಎಂದಳು.

ಮುಂದೆ ಶ್ರೀಮಂತ, ಕರೀಮಸಾಬ. ಹಿಂದೆ ಇಬ್ಬರು ಕ್ಯಾಡಿಗಳು. ರಮಾನಾಥರು ತಾವೂ ಹೆಗಲು ಕೊಡುತ್ತೇನೆಂದರು; ಜಾಗವಿರಲಿಲ್ಲ. ಅವರು ಬೂಟು ಬಿಚ್ಚಿ ಬೆಂಚಿನ ಕೆಳಗಿಟ್ಟು, ಕಾಲುಚೀಲವನ್ನೂ ತೆಗೆದು, ಕುರ್ಚಿಯ ಹಿಂದೆ ಬರಿಗಾಲಲ್ಲಿ ನಿಂತರು.

"ಆ ತಂಬಿಗಿ ತಗೀರಿ ಯಾರರೆ, ಕಾಲಿಗಿ ಸಿಗ್ತದ," ಶ್ರೀಮಂತ ಕೂಗಿದ.

"ಇರ್ಲಿ," ಎಂದಳು ಗುರುಬಾಯಿ. "ಅದು ಇನ್ನ ಮ್ಯಾಲ ನಂದು."

ಶಂಖ ಊದಿದರು. ಕುರ್ಚಿ ಹೊಸ್ತಿಲು ದಾಟಿತು. ಗುರುಬಾಯಿ ಬಾಗಿಲಲ್ಲೇ, ದಿನವೂ ಅವನು ನಿಲ್ಲುತ್ತಿದ್ದ ಕಲ್ಲಿನ ಮೇಲೆಯೇ ನಿಂತಳು. ಹೂವು ಮುಡಿದ ಅವನ ತಲೆಯ ಹಿಂಭಾಗವಷ್ಟೇ ಅವಳಿಗೆ ಕಾಣುತ್ತಿತ್ತು. ಬಾಗಿದ ತಲೆ, ಎತ್ತದ ತಲೆ. ಎಂಟನೆಯ ಬಾಗಿಲು ದಾಟಿತು, ಏಳನೆಯದು ದಾಟಿತು. ಎರಡೂ ಬದಿಯ ಜನ ಗೋಡೆಗೆ, ಕಟಾಂಜನಕ್ಕೆ ಒತ್ತಿಕೊಂಡು ದಾರಿ ಬಿಟ್ಟರು. ಆರನೆಯ ಬಾಗಿಲ ತನಕ ಕುರ್ಚಿ ಗೆರೆ ಎಳೆದಂತೆ ನೇರ ಹೋಯಿತು. ಐದನೆಯ ಬಾಗಿಲ ಮುಂದೆ, ಕಲ್ಲು ಕುಸಿದಲ್ಲಿ, ಹೊತ್ತವರ ಎಂಟು ಬರಿಗಾಲುಗಳು ಒಟ್ಟಿಗೇ ಒಂದಿಷ್ಟು ಜಾರಿದಂತಾಗಿ ಕುರ್ಚಿ ನಳದ ಕಡೆಗೆ ವಾಲಿತು.

ಆ ವಾಲುವಿಕೆ ಗುರುಬಾಯಿಗೆ ಗೊತ್ತಿತ್ತು. ಕಣ್ಣಿನಿಂದ ಅಲ್ಲ; ನಲವತ್ತು ವರ್ಷದ ಬೆಳಗುಗಳಲ್ಲಿ ಹಾಸಿಗೆಯಿಂದಲೇ ಕೇಳಿದ ದಾರಿ ಅದು.

"ಸಂಭಾಳ್," ಎಂದ ಯಾರೋ. ಹೊತ್ತವರು ಹೆಜ್ಜೆ ಊರಿ ಸಾವರಿಸಿಕೊಂಡರು. ನಾಲ್ಕನೆಯ ಬಾಗಿಲು. ಮೂರನೆಯದು. ಅಲ್ಲಿಂದ ಕಲ್ಲು ತಾನಾಗಿಯೇ ಅವರನ್ನು ಗೋಡೆಯ ಕಡೆಗೆ ತಿರುಗಿಸಿತು. ಯಾರೂ ತಿರುಗಿಸಬೇಕೆಂದು ತಿರುಗಿಸಲಿಲ್ಲ. ಎರಡನೆಯದು. ಒಂದನೆಯದು. ಮೆಟ್ಟಿಲಿಳಿಯಲು ಕೈ ಬದಲಿಸಬೇಕು.

"ಜರಾ ಕೆಳಗ ಇಡ್ರಿ," ಎಂದ ಕರೀಮಸಾಬ.

ಗುರುಬಾಯಿ ಕಣ್ಣು ಮುಚ್ಚಿದಳು.

ಕಣ್ಣು ಮುಚ್ಚಿ ಕೂತವನನ್ನು ಹೊತ್ತ ಕುರ್ಚಿಯ ಮುಂದಿನ ಕಾಲು, ಮೆಲ್ಲಗೆ ಕೆಳಗಿಳಿದು, ಅಡ್ಡ ಮಲಗಿದ್ದ ತಂಬಿಗೆಯ ಬಾಯಿಗೆ ತಾಗಿತು.

ಟಣ್.

ಗ್ಯಾಲರಿ ತುಂಬ ಜನರಿದ್ದರೂ ಆ ಸದ್ದಿನ ಹಿಂದೆ ಮತ್ತೊಂದು ಸದ್ದಿರಲಿಲ್ಲ. ಅದು ಫರಸಿಯ ಮೇಲೆ ಒಂಬತ್ತು ಬಾಗಿಲುಗಳನ್ನೂ ದಾಟಿ ಗುರುಬಾಯಿಯ ಅಂಗಾಲಿಗೆ ಬಂದು ಮುಟ್ಟಿತು. ಅವಳು ಅದು ಪೂರ್ತಿ ಅಡಗುವ ತನಕ ಕೇಳಿದಳು.

ಆಮೇಲೆ, "ಹೂಂ," ಎಂದಳು.